ನಗದು ಬರುತ್ತಲೇ ಇತ್ತು, ಕಂಪನಿ ಮುಳುಗುತ್ತಲೇ ಇತ್ತು: ಎಚ್‌ಐಎಚ್ ಪ್ರಕರಣ

ಷೇರು ನೋಡುವವರಿಗೆ ಒಂದು ಅಭ್ಯಾಸ ಇರುತ್ತದೆ. ಕಂಪನಿ ತೋರಿಸುವ ಲಾಭವನ್ನು ಪೂರ್ತಿ ನಂಬುವುದಿಲ್ಲ, ಸೀದಾ ನಗದು ಹರಿವಿನ ಪಟ್ಟಿ ತೆಗೆಯುತ್ತಾರೆ. ವ್ಯವಹಾರದಿಂದ ಬಂದ ನಗದಿನಲ್ಲಿ ಯಂತ್ರ, ಕಟ್ಟಡ, ಕಂಪ್ಯೂಟರಿಗೆ ಹಾಕಿದ್ದನ್ನು ಕಳೆದರೆ ಉಳಿಯುವುದು ಫ್ರೀ ಕ್ಯಾಶ್ ಫ್ಲೋ. ಸಿಮೆಂಟ್ ಕಂಪನಿಗೋ ಸಾಫ್ಟ್‌ವೇರ್ ಕಂಪನಿಗೋ ಇದು ಒಳ್ಳೆಯ ಅಳತೆಯೇ. ಅದೇ ಅಳತೆಗೋಲನ್ನು ವಿಮಾ ಕಂಪನಿಗೂ ಹಿಡಿದರೆ ಏನಾಗುತ್ತದೆ? ಆಸ್ಟ್ರೇಲಿಯಾದ ಎಚ್‌ಐಎಚ್ ಕಂಪನಿಯ ಕತೆಯನ್ನು ಬಿಡಿಸಿ ನೋಡಿದರೆ ಸಾಕು.

ಎಚ್‌ಐಎಚ್ ಆ ದೇಶದ ಎರಡನೇ ಅತಿ ದೊಡ್ಡ ಸಾಮಾನ್ಯ ವಿಮಾ ಕಂಪನಿಯಾಗಿತ್ತು. 2000ದ ಜೂನ್ 30ರ ಬ್ಯಾಲೆನ್ಸ್ ಶೀಟಿನಲ್ಲಿ ಅದರ ಆಸ್ತಿ ಸುಮಾರು 830 ಕೋಟಿ ಆಸ್ಟ್ರೇಲಿಯನ್ ಡಾಲರ್. ಸಾಲ, ಬಾಧ್ಯತೆ ಎಲ್ಲ ಕಳೆದು ಉಳಿದ ಸ್ವಂತ ಬಂಡವಾಳ ಸುಮಾರು 94 ಕೋಟಿ ಡಾಲರ್. ಆಡಿಟ್ ಸಂಸ್ಥೆ ಆರ್ಥರ್ ಆಂಡರ್ಸನ್ ಸಹಿ ಹಾಕಿತ್ತು. ಒಂಬತ್ತು ತಿಂಗಳೂ ಕಳೆಯಲಿಲ್ಲ, 2001ರ ಮಾರ್ಚ್ 15ರಂದು ಕಂಪನಿ ತಾತ್ಕಾಲಿಕ ಸಮಾಪಕರ (ಮುಳುಗಿದ ಕಂಪನಿಯ ಲೆಕ್ಕ ಮುಗಿಸುವವರ) ಕೈಗೆ ಹೋಯಿತು. ಕೊರತೆ ಎಷ್ಟು ಎಂದು ಲೆಕ್ಕ ಹಾಕಿದಾಗ ಬಂದ ಅಂದಾಜು 360 ಕೋಟಿಯಿಂದ 530 ಕೋಟಿ ಡಾಲರ್.

94 ಕೋಟಿ ಪ್ಲಸ್ ಇದ್ದದ್ದು 530 ಕೋಟಿ ಮೈನಸ್ ಆಗಲು ಭೂಕಂಪ ಆಗಿರಲಿಲ್ಲ, ಷೇರುಪೇಟೆ ಕುಸಿದಿರಲಿಲ್ಲ, ಯಾರೂ ಲಾಕರ್ ಒಡೆದಿರಲಿಲ್ಲ. ಸರ್ಕಾರ ರಾಯಲ್ ಕಮಿಷನ್, ಅಂದರೆ ಉನ್ನತ ತನಿಖಾ ಆಯೋಗ ನೇಮಿಸಿತು. ನ್ಯಾಯಮೂರ್ತಿ ನೆವಿಲ್ ಓವನ್ ಅವರ ವರದಿ 2003ರ ಏಪ್ರಿಲ್‌ನಲ್ಲಿ ಹೊರಬಂತು. ಮುಂದೆ ಬರುವ ಕ್ಲೇಮುಗಳಿಗೆ ಬೇಕಾದಷ್ಟು ಹಣ ಎತ್ತಿಡಲಿಲ್ಲ, ಅದೇ ಮುಖ್ಯ ಕಾರಣ ಎಂದು ವರದಿ ಹೇಳಿತು. ಹಿಂದಿನ ವರ್ಷಗಳಲ್ಲಿ ಪಾಲಿಸಿಗಳನ್ನು ಕಡಿಮೆ ಬೆಲೆಗೆ ಮಾರಿದ್ದರು. ಅವುಗಳ ಕ್ಲೇಮು ಬಂದಾಗ ಈ ವರ್ಷದ ಆದಾಯದಿಂದ ತೆತ್ತರು. ಹೀಗೇ ಸುತ್ತು ತಿರುಗುತ್ತಾ ಹೋಯಿತು.

ಇದು ಹೇಗೆ ಇಷ್ಟು ವರ್ಷ ಹೊರಗೆ ಕಾಣಲಿಲ್ಲ ಅನ್ನೋದೇ ನನಗೆ ಇಲ್ಲಿ ಮುಖ್ಯ ಪ್ರಶ್ನೆ.

ಒಂದು ಲೆಕ್ಕ

ಕಾಗದದ ಮೇಲೆ ಒಂದು ವಿಮಾ ಕಂಪನಿ ಕಟ್ಟೋಣ. ಇದು ನಾನು ಉದಾಹರಣೆಗೆ ಮಾಡಿದ ಲೆಕ್ಕ, ಎಚ್‌ಐಎಚ್‌ನ ಅಂಕಿಗಳಲ್ಲ.

ಮೊದಲ ವರ್ಷ 100 ರೂಪಾಯಿ ಪ್ರೀಮಿಯಂ ಬರುತ್ತದೆ. ಏಜೆಂಟರ ಕಮಿಷನ್, ಸಂಬಳ, ಬಾಡಿಗೆ ಸೇರಿ 25 ರೂಪಾಯಿ ಖರ್ಚು. ಈ ಪಾಲಿಸಿಗಳ ಮೇಲೆ ಕೊನೆಗೆ ಕೊಡಬೇಕಾಗುವ ಕ್ಲೇಮು 110 ರೂಪಾಯಿ. ಅಂದರೆ ಪ್ರತಿ 100 ರೂಪಾಯಿ ವ್ಯಾಪಾರಕ್ಕೂ 35 ರೂಪಾಯಿ ನಷ್ಟ. ಎಂಥ ಕೆಟ್ಟ ವ್ಯಾಪಾರ ಅಲ್ವಾ? ಆದರೆ ಕ್ಲೇಮು ಒಂದೇ ಸಲ ಬರುವುದಿಲ್ಲ. ಹೊಣೆಗಾರಿಕೆ ವಿಮೆಯಲ್ಲಿ (ನಮ್ಮಿಂದ ಬೇರೆಯವರಿಗೆ ಆದ ಹಾನಿಗೆ ಪರಿಹಾರ ಕೊಡುವ ವಿಮೆ) ಕೋರ್ಟು, ಮೇಲ್ಮನವಿ, ವೈದ್ಯಕೀಯ ವರದಿ ಅಂತ ವರ್ಷಗಳು ಹಿಡಿಯುತ್ತವೆ. ಹಾಗಾಗಿ ಮೊದಲ ವರ್ಷ 10, ಎರಡನೇ ವರ್ಷ 20, ಆಮೇಲೆ 25, 25, ಕೊನೆಗೆ 30 ರೂಪಾಯಿ ಕೊಡಬೇಕು ಎಂದಿಟ್ಟುಕೊಳ್ಳಿ. ಕಂಪನಿ ಪ್ರತಿ ವರ್ಷ ಶೇ. 25ರಷ್ಟು ಬೆಳೆಯುತ್ತದೆ. ಬೆಲೆ ಕಡಿಮೆ ಇಟ್ಟವನಿಗೆ ಗಿರಾಕಿ ಸಿಗುವುದು ಕಷ್ಟವಲ್ಲ.

ಈಗ ನಗದು ನೋಡಿ. ಮೊದಲ ವರ್ಷ ಕೈಯಲ್ಲಿ ಉಳಿಯುವುದು 65 ರೂಪಾಯಿ. ಎರಡನೇ ವರ್ಷ ಪ್ರೀಮಿಯಂ 125, ಖರ್ಚು 31, ಹಳೆಯದೂ ಹೊಸದೂ ಸೇರಿ ಕ್ಲೇಮು ಸುಮಾರು 33. ಉಳಿಕೆ 61. ಮೂರನೇ ವರ್ಷ 52, ನಾಲ್ಕನೇ ವರ್ಷ 39, ಐದನೇ ವರ್ಷ 19. ಐದು ವರ್ಷವೂ ನಗದು ಹರಿವು ಪ್ಲಸ್. ಪೈಸೆಗಳೂ ಸೇರಿ ಒಟ್ಟು ಸುಮಾರು 237 ರೂಪಾಯಿ ಕೈಯಲ್ಲಿದೆ. ಬಾಂಡಿನಲ್ಲಿ ಹಾಕಿದರೆ ಬಡ್ಡಿಯೂ ಬರುತ್ತದೆ. ಹೊರಗಿನವರಿಗೆ ಬೆಳೆಯುತ್ತಿರುವ, ದುಡ್ಡು ತುಂಬಿರುವ ಕಂಪನಿ.

ಐದನೇ ವರ್ಷದ ಕೊನೆಗೆ ಇನ್ನೂ ಕೊಡಬೇಕಾದ ಕ್ಲೇಮು ಎಷ್ಟು? 524 ರೂಪಾಯಿ. ಗುಂಡಿಯ ಆಳ 287 ರೂಪಾಯಿ. ಆರನೇ ವರ್ಷ ಹೊಸ ಪ್ರೀಮಿಯಂ ನಿಂತುಹೋಯಿತು ಎಂದುಕೊಳ್ಳಿ. ಆ ಒಂದು ವರ್ಷದಲ್ಲೇ 174 ರೂಪಾಯಿ ಹೊರಗೆ ಹೋಗುತ್ತದೆ. ಏಳನೇ ವರ್ಷ ಕಂಪನಿ ಇರುವುದಿಲ್ಲ.

ಮೊದಲ ತಿಂಗಳೇ ಚೀಟಿ ಎತ್ತಿದವನ ಜೇಬು ತುಂಬಿರುತ್ತದೆ. ಅವನು ಸಾಹುಕಾರ ಎಂದು ಊರಲ್ಲಿ ಯಾರೂ ಹೇಳುವುದಿಲ್ಲ, ಮುಂದಿನ ಕಂತುಗಳು ಎಲ್ಲರಿಗೂ ಗೊತ್ತಿರುತ್ತವೆ. ವಿಮೆಯಲ್ಲಿ ಆ ಕಂತು ಎಷ್ಟು ಎಂದು ಯಾರಿಗೂ ಖಚಿತ ಗೊತ್ತಿಲ್ಲ. ಕಂಪನಿಯೇ ಅಂದಾಜು ಮಾಡಬೇಕು. ಆ ಅಂದಾಜೇ ಮೀಸಲು. ಅದೇ ಇಡೀ ಬ್ಯಾಲೆನ್ಸ್ ಶೀಟಿನ ಅತಿ ದೊಡ್ಡ ಅಂಕಿ, ಅತಿ ಮೆತ್ತಗಿನ ಅಂಕಿಯೂ ಅದೇ.

ಮೀಸಲು ಎಂಬ ಮೆತ್ತಗಿನ ಜಾಗ

ಎಚ್‌ಐಎಚ್‌ನ ಬಾಧ್ಯತೆ ಸುಮಾರು 739 ಕೋಟಿ ಡಾಲರ್, ಸ್ವಂತ ಬಂಡವಾಳ 94 ಕೋಟಿ. ಬಾಧ್ಯತೆಯ ಅಂದಾಜು ಶೇ. 13ರಷ್ಟು ತಪ್ಪಿದರೆ ಬಂಡವಾಳ ಸೊನ್ನೆ. ವರ್ಷಗಟ್ಟಲೆ ಎಳೆಯುವ ಕೇಸುಗಳನ್ನು ಶೇ. 13ರ ಒಳಗೆ ಸರಿಯಾಗಿ ಅಂದಾಜು ಮಾಡುವುದು ದೊಡ್ಡ ಆಕ್ಚುಯರಿಗಳಿಗೂ (ವಿಮೆಯ ಅಪಾಯವನ್ನು ಲೆಕ್ಕ ಹಾಕುವ ಗಣಿತಜ್ಞರು) ಕಷ್ಟದ ಕೆಲಸ. ಅದಕ್ಕೇ ಜಾಗರೂಕ ಕಂಪನಿಗಳು ಅಂದಾಜಿನ ಮೇಲೆ ಇನ್ನಷ್ಟು ಎತ್ತಿಡುತ್ತವೆ. ಎಚ್‌ಐಎಚ್ ಆ ಹೆಚ್ಚುವರಿ ಇಡುತ್ತಿರಲಿಲ್ಲ. ಆಕ್ಚುಯರಿ ಕೊಟ್ಟ ನಡು ಅಂದಾಜು ಏನಿದೆಯೋ ಅಷ್ಟೇ. ನಡು ಅಂದಾಜು ಅಂದರೆ ಹೆಚ್ಚೂಕಡಿಮೆ ಎರಡರಲ್ಲಿ ಒಂದು ಸಲ ಸಾಲದೇ ಹೋಗುವ ಅಂಕಿ.

ಆಗಿನ ಕಾನೂನು ಇದಕ್ಕೆ ಇನ್ನೊಂದು ಕೈ ಸೇರಿಸಿತ್ತು. 1973ರ ವಿಮಾ ಕಾಯ್ದೆಯ ಪ್ರಕಾರ ಕಂಪನಿ ಇಟ್ಟುಕೊಳ್ಳಬೇಕಾದ ಕನಿಷ್ಠ ಬಂಡವಾಳಕ್ಕೆ ಮೂರು ಅಳತೆ: 20 ಲಕ್ಷ ಡಾಲರ್, ಪ್ರೀಮಿಯಂ ಆದಾಯದ ಶೇ. 20, ಬಾಕಿ ಕ್ಲೇಮು ಮೀಸಲಿನ ಶೇ. 15. ಮೂರರಲ್ಲಿ ಯಾವುದು ದೊಡ್ಡದೋ ಅದು. ಮೂರನೆಯದನ್ನು ಸ್ವಲ್ಪ ನಿಂತು ನೋಡಿ. ಮೀಸಲು ಕಡಿಮೆ ತೋರಿಸಿದರೆ ಲಾಭ ಜಾಸ್ತಿ ಕಾಣುತ್ತದೆ, ಸರಿ. ಜೊತೆಗೆ ಬೇಕಾದ ಬಂಡವಾಳವೂ ಕಡಿಮೆಯಾಗುತ್ತದೆ! ಮೀಸಲು ಕಡಿಮೆ ಇಟ್ಟವನಿಗೆ ಕಾನೂನೇ ರಿಯಾಯಿತಿ ಕೊಟ್ಟ ಹಾಗೆ.

ಎಲ್ಲೆಲ್ಲಿ ಕೈ ಸುಟ್ಟಿತು

ಕಂಪನಿ ಕಟ್ಟಿದ್ದು ರೇ ವಿಲಿಯಮ್ಸ್, 1968ರಲ್ಲಿ, ಒಬ್ಬ ಪಾಲುದಾರರ ಜೊತೆ. ಸಣ್ಣ ಏಜೆನ್ಸಿಯಾಗಿ ಶುರುವಾದದ್ದು 1992ರಲ್ಲಿ ಷೇರುಪೇಟೆಗೆ ಬಂತು. ನಡುವೆ ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್ ಕಂಪನಿ ಅರ್ಧಕ್ಕಿಂತ ಹೆಚ್ಚು ಪಾಲು ಹೊಂದಿತ್ತು. 1998ರಲ್ಲಿ ಅದು ಪಾಲು ಮಾರಿ ಹೊರಟುಹೋಯಿತು. ಒಳಗಿದ್ದು ನೋಡಿದ ದೊಡ್ಡ ಪಾಲುದಾರ ಎದ್ದು ಹೋದದ್ದು ಸುಮ್ನೆ ದಾಟಿಬಿಡುವ ಸುದ್ದಿಯಲ್ಲ ಎನ್ನುವುದು ನನ್ನ ಅಭಿಪ್ರಾಯ.

ನಷ್ಟ ಬಂದದ್ದು ಮುಖ್ಯವಾಗಿ ಮೂರು ಕಡೆಯಿಂದ. ಅಮೆರಿಕದಲ್ಲಿ, ಅದರಲ್ಲೂ ಕ್ಯಾಲಿಫೋರ್ನಿಯಾದಲ್ಲಿ, ಕಾರ್ಮಿಕ ಪರಿಹಾರ ವಿಮೆ ಮಾರಿದರು. ಅಲ್ಲಿ ಬೆಲೆ ಪೈಪೋಟಿ ವಿಪರೀತ.

ಎರಡನೆಯದು ಬ್ರಿಟನ್. ಇದು ಸ್ವಾರಸ್ಯದ ಭಾಗ. ಅಲ್ಲಿ ಎಚ್‌ಐಎಚ್ ಮಾರಿದ ವಿಮೆಗಳಲ್ಲಿ ಸಿನಿಮಾ ಹಣಕಾಸು ವಿಮೆಯೂ ಒಂದು. ಶೂಟಿಂಗ್ ವೇಳೆ ಸೆಟ್ ಸುಟ್ಟರೆ, ನಟನಿಗೆ ಕಾಯಿಲೆಯಾದರೆ ಕೊಡುವ ವಿಮೆ ಅಲ್ಲ ಇದು. ಸಿನಿಮಾ ಬಿಡುಗಡೆಯಾಗಿ ಅಂದುಕೊಂಡಷ್ಟು ಹಣ ವಾಪಸ್ ಬರದಿದ್ದರೆ ಆ ಕೊರತೆ ತುಂಬಿಕೊಡುವ ವಿಮೆ. ಗಾಂಧಿನಗರದಲ್ಲಿ ಒಂದು ವಾರ ಓಡಾಡಿದವರು ಯಾರೂ ಇಂಥ ಪಾಲಿಸಿ ಬರೆಯುವುದಿಲ್ಲ! ಈ ಪಾಲಿಸಿಗಳ ಜಗಳ ಮುಂದೆ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ತನಕ ಹೋಯಿತು. ಪಾಲಿಸಿ ಮಾರಿದ ದಿನ ಮಾತ್ರ ಪ್ರೀಮಿಯಂ ನಗದಾಗಿ ಬಂದಿತ್ತು, ನಗದು ಹರಿವಿನ ಪಟ್ಟಿಯಲ್ಲಿ ಚಂದ ಕಂಡಿತ್ತು.

ಮೂರನೆಯದು ಎಫ್‌ಎಐ ಎಂಬ ಇನ್ನೊಂದು ಆಸ್ಟ್ರೇಲಿಯನ್ ವಿಮಾ ಕಂಪನಿಯ ಖರೀದಿ. 1998ರ ಸೆಪ್ಟೆಂಬರಿನಲ್ಲಿ ಸುಮಾರು 30 ಕೋಟಿ ಡಾಲರ್ ಬೆಲೆಗೆ ಎಚ್‌ಐಎಚ್ ಅದನ್ನು ಕೊಳ್ಳಲು ಮುಂದಾಯಿತು. ಒಳಗಿನ ಪುಸ್ತಕ ತೆರೆಸಿ ನೋಡಲಿಲ್ಲ. ಹೊರಗೆ ಪ್ರಕಟವಾದ ಅಂಕಿಗಳನ್ನೇ ನಂಬಿ, ಅವಸರದಲ್ಲಿ ಕರೆದ ಬೋರ್ಡ್ ಸಭೆಯಲ್ಲಿ ತೀರ್ಮಾನ ಆಯಿತು. ಅಲ್ಲೂ ಮೀಸಲು ಸಾಲದು ಎಂದು ಆಮೇಲೆ ಗೊತ್ತಾಯಿತು. ಆಗ ಕೊರತೆಯನ್ನು ಲಾಭ-ನಷ್ಟದಲ್ಲಿ ತೋರಿಸುವ ಬದಲು ಗುಡ್‌ವಿಲ್ (ಕೊಂಡ ಕಂಪನಿಯ ನಿವ್ವಳ ಆಸ್ತಿಗಿಂತ ಹೆಚ್ಚಾಗಿ ಕೊಟ್ಟ ಬೆಲೆ, ಲೆಕ್ಕದಲ್ಲಿ ಆಸ್ತಿ) ಖಾತೆಗೆ ಸೇರಿಸುತ್ತಾ ಹೋದರು. ಅಂದರೆ ಕೊಂಡ ಮಾಲು ಎಷ್ಟು ಕೊಳೆತಿದೆ ಎಂದು ತಿಳಿದಷ್ಟೂ ಆಸ್ತಿಯ ಅಂಕಿ ದೊಡ್ಡದಾಯಿತು.

ಇದಲ್ಲದೆ ಮರುವಿಮೆಯ ಆಟ. ಮರುವಿಮೆ ಅಂದರೆ ವಿಮಾ ಕಂಪನಿ ತನ್ನ ಅಪಾಯದ ಒಂದು ಭಾಗವನ್ನು ಇನ್ನೊಂದು ಕಂಪನಿಗೆ ದಾಟಿಸುವುದು. ಎಫ್‌ಎಐ ಮತ್ತು ಎಚ್‌ಐಎಚ್ ಮಾಡಿಕೊಂಡ ಕೆಲವು ಒಪ್ಪಂದಗಳಲ್ಲಿ ಅಪಾಯ ನಿಜವಾಗಿ ದಾಟಿರಲಿಲ್ಲ, ಒಪ್ಪಂದದ ಹೊರಗೆ ಪ್ರತ್ಯೇಕವಾಗಿ ಬರೆದುಕೊಂಡ ಪತ್ರಗಳಲ್ಲಿ ಬೇರೆಯೇ ಷರತ್ತು ಇತ್ತು. ವಾಸ್ತವದಲ್ಲಿ ಅವು ಸಾಲ. ಲೆಕ್ಕದಲ್ಲಿ ಮಾತ್ರ ಮರುವಿಮೆಯಿಂದ ಬರಬೇಕಾದ ಹಣ ಎಂದು ಆಸ್ತಿಯಾಗಿ ಕೂತವು.

ಪತ್ರಿಕೆಗಳು ಹೆಚ್ಚು ಬರೆದದ್ದು ಬೇರೆ ವಿಷಯದ ಬಗ್ಗೆ. ಎಫ್‌ಎಐ ಮುಖ್ಯಸ್ಥ ರಾಡ್ನಿ ಆಡ್ಲರ್ ಎಚ್‌ಐಎಚ್ ಬೋರ್ಡಿಗೆ ಬಂದ ಮೇಲೆ, 2000ದಲ್ಲಿ ಎಚ್‌ಐಎಚ್‌ನ 1 ಕೋಟಿ ಡಾಲರ್ ಅವರ ಹಿಡಿತದಲ್ಲಿದ್ದ ಕಂಪನಿಗೆ ಹೋಗಿ, ಅದರ ಒಂದು ಭಾಗದಲ್ಲಿ ಎಚ್‌ಐಎಚ್ ಷೇರನ್ನೇ ಕೊಂಡರು. ಆಡ್ಲರ್ ಮತ್ತು ವಿಲಿಯಮ್ಸ್ ಇಬ್ಬರಿಗೂ 2005ರಲ್ಲಿ ನಾಲ್ಕೂವರೆ ವರ್ಷದ ಜೈಲು ಶಿಕ್ಷೆ ಆಯಿತು. ತಪ್ಪು ತಪ್ಪೇ. ಆದರೆ 530 ಕೋಟಿಯ ಗುಂಡಿಯಲ್ಲಿ ಆ 1 ಕೋಟಿ ಎಷ್ಟು? ಕಳ್ಳನನ್ನು ಹುಡುಕುವ ಕತೆ ಓದಲು ಚೆನ್ನಾಗಿರುತ್ತದೆ. ಕಂಪನಿ ಮುಳುಗಿದ್ದು ಬೇಸರ ತರಿಸುವ ಮೀಸಲಿನ ಪುಟದಲ್ಲಿ.

ನಲ್ಲಿ ನಿಂತ ದಿನ

ಕೊನೆಯ ಅಂಕವನ್ನು ನಿಧಾನವಾಗಿ ನೋಡಬೇಕು. 2000ದ ಸೆಪ್ಟೆಂಬರಿನಲ್ಲಿ ಎಚ್‌ಐಎಚ್ ಜರ್ಮನಿಯ ವಿಮಾ ಕಂಪನಿ ಅಲಿಯಾಂಜ್ ಜೊತೆ ಜಂಟಿ ಉದ್ಯಮ ಘೋಷಿಸಿತು. ತನ್ನ ದೇಶದೊಳಗಿನ ವಾಹನ, ಮನೆಯಂಥ ಚಿಲ್ಲರೆ ವಿಮಾ ವ್ಯಾಪಾರವನ್ನು ಅದಕ್ಕೆ ಹಾಕಿತು. ಅಲಿಯಾಂಜ್‌ನಿಂದ 20 ಕೋಟಿ ಡಾಲರ್ ಸಿಗುತ್ತದೆ. ಕೈ ಬಿಗಿಯಾಗಿದ್ದ ಕಂಪನಿಗೆ ದೊಡ್ಡ ಮೊತ್ತ.

ಅಲಿಯಾಂಜ್ ಮೀಸಲಿನ ವಿಷಯದಲ್ಲಿ ಬೇರೆಯವರ ಮಾತು ನಂಬುವ ಪೈಕಿ ಅಲ್ಲ. ಜಂಟಿ ವ್ಯಾಪಾರದ ಕ್ಲೇಮುಗಳಿಗಾಗಿ ಸುಮಾರು 50 ಕೋಟಿ ಡಾಲರ್ ಆಸ್ತಿಯನ್ನು ಎಚ್‌ಐಎಚ್ ಒಂದು ಟ್ರಸ್ಟಿಗೆ ಒಪ್ಪಿಸಬೇಕು ಎಂಬ ಷರತ್ತಿತ್ತು. ಬಂದದ್ದು 20, ಹೋದದ್ದು 50. ಹೋದದ್ದೂ ಕಟ್ಟಡ, ಗುಡ್‌ವಿಲ್ ಅಲ್ಲ, ಬೇಗ ನಗದಾಗುವ ಒಳ್ಳೆಯ ಆಸ್ತಿ. ಜೊತೆಗೆ ಆ ವ್ಯಾಪಾರದ ಪ್ರೀಮಿಯಂ ಇನ್ನು ನೇರವಾಗಿ ಎಚ್‌ಐಎಚ್ ಕೈಗೆ ಬರುವುದಿಲ್ಲ.

2001ರ ಜನವರಿ 1ರಿಂದ ಇದು ಜಾರಿಗೆ ಬಂತು. ಚಿಲ್ಲರೆ ವ್ಯಾಪಾರದ ಪ್ರೀಮಿಯಂ ದಿನಾ ಬರುವ ದುಡ್ಡು. ಅದೇ ಹಳೆಯ ಬ್ರಿಟನ್, ಅಮೆರಿಕ ಕ್ಲೇಮುಗಳನ್ನು ತೀರಿಸುತ್ತಿತ್ತು. ನಲ್ಲಿ ನಿಂತಿತು, ಹಳೆಯ ಕ್ಲೇಮು ನಿಲ್ಲಲಿಲ್ಲ. ನಮ್ಮ ಕಾಗದದ ಕಂಪನಿಯ ಆರನೇ ವರ್ಷ ಇಲ್ಲಿ ಎರಡೂವರೆ ತಿಂಗಳಲ್ಲಿ ನಡೆದುಹೋಯಿತು.

ಪೆಟ್ಟು ತಿಂದವರು ಷೇರುದಾರರು ಮಾತ್ರ ಅಲ್ಲ. ಆಸ್ಟ್ರೇಲಿಯಾದ ಹಲವು ರಾಜ್ಯಗಳಲ್ಲಿ ಮನೆ ಕಟ್ಟುವ ಗುತ್ತಿಗೆದಾರರಿಗೆ ವಾರಂಟಿ ವಿಮೆ ಕಡ್ಡಾಯ. ಅದರಲ್ಲಿ ಎಚ್‌ಐಎಚ್‌ನದು ದೊಡ್ಡ ಪಾಲು. ವಿಮೆ ಇಲ್ಲದೆ ಕೆಲಸ ಶುರು ಮಾಡುವಂತಿಲ್ಲ, ಅರ್ಧ ಕಟ್ಟಿದ ಮನೆಗಳ ಮಾಲೀಕರಿಗೆ ಭದ್ರತೆ ಇಲ್ಲ. ಕೇಂದ್ರ ಸರ್ಕಾರ ಸಂತ್ರಸ್ತ ಪಾಲಿಸಿದಾರರಿಗಾಗಿ 64 ಕೋಟಿ ಡಾಲರ್ ಯೋಜನೆ ತಂದಿತು.

ಹಾಗಾದರೆ ಏನು ನೋಡಬೇಕು

ವಿಮಾ ಕಂಪನಿಯಲ್ಲಿ "ಫ್ರೀ" ಎನ್ನಬಹುದಾದ ಹಣ ಯಾವುದು? ಮೀಸಲು ಪ್ರಾಮಾಣಿಕವಾಗಿ ಇಟ್ಟು, ನಿಯಂತ್ರಕರು ಕೇಳುವ ಬಂಡವಾಳವನ್ನೂ ಇಟ್ಟ ಮೇಲೆ ಹೊರಗೆ ತೆಗೆಯಬಹುದಾದದ್ದು. ನಮ್ಮ ದೇಶದ ಅಳತೆಯಲ್ಲಿ ಒಂದು ಸ್ಥೂಲ ಲೆಕ್ಕ ಮಾಡೋಣ. ನಮ್ಮ ವಿಮಾ ನಿಯಂತ್ರಕ ಐಆರ್‌ಡಿಎಐ ನಿಯಮದಲ್ಲಿ ಸಾಮಾನ್ಯ ವಿಮಾ ಕಂಪನಿಯ ಸಾಲ್ವೆನ್ಸಿ ಮಾರ್ಜಿನ್ (ಬಾಧ್ಯತೆ ಕಳೆದು ಹೆಚ್ಚುವರಿಯಾಗಿ ಇರಬೇಕಾದ ಬಂಡವಾಳದ ಅಳತೆ) ಪ್ರೀಮಿಯಂನ ಶೇ. 20 ಅಥವಾ ಕ್ಲೇಮಿನ ಶೇ. 30ರ ಆಧಾರದ ಮೇಲೆ, ಯಾವುದು ಜಾಸ್ತಿಯೋ ಅದು. ಅದರ ಒಂದೂವರೆ ಪಟ್ಟು ಬಂಡವಾಳ ಇರಬೇಕು. ಕಂಪನಿಯ ಪ್ರೀಮಿಯಂ 1,000 ಕೋಟಿಯಿಂದ 1,300 ಕೋಟಿಗೆ ಏರಿತು ಎಂದುಕೊಳ್ಳಿ. ಏರಿದ 300 ಕೋಟಿಯ ಶೇ. 20 ಅಂದರೆ 60 ಕೋಟಿ, ಒಂದೂವರೆ ಪಟ್ಟು 90 ಕೋಟಿ. ಆ ವರ್ಷದ ಲಾಭ 100 ಕೋಟಿ ಇದ್ದರೂ ನಿಜವಾಗಿ ಕೈ ಹಾಕಬಹುದಾದದ್ದು ಸುಮಾರು 10 ಕೋಟಿ. ಅದೇ ವರ್ಷ ನಗದು ಹರಿವಿನ ಪಟ್ಟಿ 250 ಕೋಟಿ ಪ್ಲಸ್ ತೋರಿಸಿದರೂ ಆಶ್ಚರ್ಯವಿಲ್ಲ. ಆ 250 ಹಿಡಿದು ಷೇರಿನ ಬೆಲೆ ಅಗ್ಗ ಎಂದು ಲೆಕ್ಕ ಹಾಕುವವರನ್ನು ಕಂಡಿದ್ದೇನೆ.

ಆ 10 ಕೋಟಿಯೂ ಲಾಭದ ಅಂಕಿ ಸರಿಯಿದ್ದರೆ ಮಾತ್ರ. ಲಾಭ ಸರಿಯಿರಬೇಕಾದರೆ ಮೀಸಲು ಸರಿಯಿರಬೇಕು. ಸುತ್ತಿ ಸುತ್ತಿ ಅಲ್ಲಿಗೇ ಬರುತ್ತದೆ.

ಮೀಸಲು ಸರಿಯಿದೆಯೇ ಎಂದು ಹೊರಗಿನವರು ನೋಡಲು ಒಂದು ದಾರಿ ಇದೆ: ಮೀಸಲಿನ ತ್ರಿಕೋನ ಪಟ್ಟಿ. ಒಂದು ವರ್ಷದ ಕ್ಲೇಮು ಒಟ್ಟು ಎಷ್ಟಾಗಬಹುದು ಎಂದು ಆ ವರ್ಷದ ಕೊನೆಗೆ ಅಂದಾಜಿಸಿದ್ದು, ಮರುವರ್ಷ ಅದೇ ಕ್ಲೇಮಿನ ಅಂದಾಜು, ಅದರ ಮರುವರ್ಷದ್ದು, ಹೀಗೆ ಸಾಲಾಗಿ ಕೊಡುತ್ತಾರೆ. ಅಂಕಿ ವರ್ಷದಿಂದ ವರ್ಷಕ್ಕೆ ಸ್ವಲ್ಪ ಇಳಿಯುತ್ತಾ ಬಂದರೆ ಮೊದಲೇ ಧಾರಾಳವಾಗಿ ಇಟ್ಟಿದ್ದರು. ಏರುತ್ತಾ ಹೋದರೆ ಹಳೆಯ ಲಾಭಗಳೆಲ್ಲ ಅಷ್ಟಷ್ಟು ಸುಳ್ಳು. ಐಸಿಐಸಿಐ ಲೊಂಬಾರ್ಡ್ ತನ್ನ ವಾರ್ಷಿಕ ವರದಿಯಲ್ಲಿ ಈ ಪಟ್ಟಿ ಕೊಡುತ್ತದೆ. ನನ್ನ ಮಟ್ಟಿಗೆ ಅದೊಂದು ಪುಟ ನಗದು ಹರಿವಿನ ಪಟ್ಟಿಗಿಂತ ಹತ್ತು ಪಾಲು ಮೇಲು. ಜೊತೆಗೆ ಕಂಬೈನ್ಡ್ ರೇಶಿಯೋ, ಅಂದರೆ ಕ್ಲೇಮು ಮತ್ತು ಖರ್ಚು ಸೇರಿ ಪ್ರೀಮಿಯಂನ ಶೇಕಡಾ ಎಷ್ಟು ಎಂಬುದು. 100 ದಾಟಿದರೆ ವಿಮೆ ಮಾರಿ ನಷ್ಟ, ಹೂಡಿಕೆಯ ಆದಾಯದಿಂದ ಬದುಕು. ಆದರೆ ಈ ಅಂಕಿಯ ಒಳಗೂ ಮೀಸಲಿನ ಅಂದಾಜು ಕೂತಿರುತ್ತದೆ, ತ್ರಿಕೋನ ನೋಡದೆ ಇದನ್ನು ನಂಬುವಂತಿಲ್ಲ.

ಇದೆಲ್ಲ ದೂರದ ಆಸ್ಟ್ರೇಲಿಯಾದ ಕಾಯಿಲೆ ಅಂದುಕೊಳ್ಳಬೇಡಿ. ನಮ್ಮಲ್ಲಿ ವಾಹನದ ಥರ್ಡ್ ಪಾರ್ಟಿ ವಿಮೆ ಥೇಟ್ ಇದೇ ಜಾತಿಯದು. ಲಾರಿ ಗುದ್ದಿದ್ದು ಇವತ್ತು, ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಆದೇಶ ಆಗುವುದು ವರ್ಷಗಳ ನಂತರ, ಆಮೇಲೆ ಹೈಕೋರ್ಟಿನ ಮೇಲ್ಮನವಿ. 2007ರಲ್ಲಿ ಲಾರಿ, ಬಸ್ಸಿನಂಥ ವಾಣಿಜ್ಯ ವಾಹನಗಳ ಥರ್ಡ್ ಪಾರ್ಟಿ ವಿಮೆಯನ್ನು ಒಂದೇ ಪೂಲ್‌ಗೆ ಹಾಕಿ, ನಷ್ಟವನ್ನು ಎಲ್ಲ ಕಂಪನಿಗಳಿಗೆ ಹಂಚುವ ವ್ಯವಸ್ಥೆ ಬಂತು. ಮೀಸಲು ಸಾಲದು ಎಂದು ಕಂಡಾಗ 2011ರ ಮಾರ್ಚ್‌ನಲ್ಲಿ ನಿಯಂತ್ರಕರು ಪ್ರೀಮಿಯಂನ ಶೇ. 153ರಷ್ಟು ಎತ್ತಿಡಲು ಹೇಳಿದರು. ಅಂದರೆ 100 ರೂಪಾಯಿ ಪ್ರೀಮಿಯಂಗೆ 153 ರೂಪಾಯಿ ಕ್ಲೇಮು! ಒಂದೇ ಏಟಿಗೆ ಅಷ್ಟು ತುಂಬಲು ಕಂಪನಿಗಳಿಗೆ ಆಗದೆಂದು ಸಾಲ್ವೆನ್ಸಿ ಮಿತಿಯನ್ನು ಆಗ ಶೇ. 150ರಿಂದ 130ಕ್ಕೆ ಇಳಿಸಬೇಕಾಯಿತು. 2012ರಲ್ಲಿ ಪೂಲ್ ಮುಚ್ಚಿತು.

ಸರ್ಕಾರಿ ಸ್ವಾಮ್ಯದ ನ್ಯಾಷನಲ್, ಓರಿಯಂಟಲ್, ಯುನೈಟೆಡ್ ಇಂಡಿಯಾ ಈ ಮೂರಕ್ಕೆ 2019-20ರಿಂದ 2021-22ರವರೆಗೆ ಕೇಂದ್ರ 17,450 ಕೋಟಿ ರೂಪಾಯಿ ಬಂಡವಾಳ ಹಾಕಿತು. ಕ್ಲೇಮು ಸಿಗುವುದಿಲ್ಲ ಎಂಬ ಭಯ ಪಾಲಿಸಿದಾರರಿಗೆ ಬರಲಿಲ್ಲ, ಹಿಂದೆ ಖಜಾನೆ ಇತ್ತು. ಎಚ್‌ಐಎಚ್ ಹಿಂದೆ ಅದು ಇರಲಿಲ್ಲ.

ಆಸ್ಟ್ರೇಲಿಯಾ 2002ರ ಜುಲೈಯಿಂದ ನಿಯಮ ಬದಲಿಸಿತು. ಈಗ ಅಲ್ಲಿ ಆಕ್ಚುಯರಿಯ ವರದಿ ಕಡ್ಡಾಯ. ಮೀಸಲು ನಡು ಅಂದಾಜಿನಲ್ಲಿ ನಿಲ್ಲುವಂತಿಲ್ಲ, ನೂರರಲ್ಲಿ 75 ಸಲವಾದರೂ ಸಾಕಾಗುವಷ್ಟು ಇರಬೇಕು. ಬೇಕಾದ ಬಂಡವಾಳ ಈಗ ಕಂಪನಿ ಹೊತ್ತ ಅಪಾಯಕ್ಕೆ ತಕ್ಕಂತೆ ನಿರ್ಧಾರವಾಗುತ್ತದೆ. ಜೀವ ವಿಮೆಯಲ್ಲಿ ಇಷ್ಟೇ ಸಾಲದು; ಅಲ್ಲಿ 20-30 ವರ್ಷದ ಬಡ್ಡಿದರ, ಜನ ಪಾಲಿಸಿ ಅರ್ಧಕ್ಕೇ ಬಿಡುವ ಪ್ರಮಾಣ ಎಲ್ಲ ಸೇರುತ್ತವೆ, ಎಂಬೆಡೆಡ್ ವ್ಯಾಲ್ಯೂ ಎಂಬ ಬೇರೆ ಲೆಕ್ಕವೇ ಇದೆ. ಸಾಮಾನ್ಯ ವಿಮಾ ಕಂಪನಿಯ ವರದಿ ಕೈಗೆ ಬಂದರೆ ನಾನು ಮೊದಲು ತ್ರಿಕೋನ ಹುಡುಕುತ್ತೇನೆ, ಆಮೇಲೆ ಸಾಲ್ವೆನ್ಸಿ, ಆಮೇಲೆ ಮರುವಿಮೆಯಿಂದ ಬರಬೇಕಾದ ಬಾಕಿ ಮತ್ತು ಗುಡ್‌ವಿಲ್. ಮಾರುಕಟ್ಟೆಗಿಂತ ಎರಡು ಪಟ್ಟು ವೇಗದಲ್ಲಿ ಪ್ರೀಮಿಯಂ ಬೆಳೆದಿದ್ದು, ತ್ರಿಕೋನದ ಪುಟ ವರದಿಯಲ್ಲಿ ಇಲ್ಲದಿದ್ದರೆ, ಆ ಷೇರಿಗೆ ನಾನು ಕೈ ಹಾಕುವುದಿಲ್ಲ.